ಒಂದೇ ಕೈ ಓಡಿಸಿದ ಗಾಡಿ

ಊಟದ ತಟ್ಟೆಯಲ್ಲಿ ದಾರ ಸಿಕ್ಕಿದ್ದು ಅದೇ ಮೊದಲೇನಲ್ಲ. ಆದರೆ ಆ ದಿನ ಸಿಕ್ಕಿದ್ದು ನೀಲಿ ದಾರ, ಅದೂ ಅಜ್ಜಿಯ ತಟ್ಟೆಯಲ್ಲಿ, ಅದೂ ಅರ್ಧ ಗಂಟಲಿಗೆ ಇಳಿದ ಮೇಲೆ. ಅಜ್ಜಿ ಅದನ್ನು ನಿಧಾನವಾಗಿ ಬಾಯಿಂದ ಎಳೆದು, ಎಲ್ಲರಿಗೂ ಕಾಣುವಂತೆ ದೀಪಕ್ಕೆ ಹಿಡಿದಳು. ನಾಳೆಯಿಂದ ಅನ್ನ ಬೇಯಿಸುವ ತೊಂದರೆ ಯಾಕೆ, ನೇರವಾಗಿ ಒಂದು ಉಂಡೆ ದಾರವನ್ನೇ ಬಡಿಸಿಬಿಡಿ ಎಂದಳು.

ಮನೆಯ ಮಗಳಿಗೆ, ಅಜ್ಜಿಯ ಮೊಮ್ಮಗಳಿಗೆ, ಸಿಟ್ಟು ಬಂತು. ಬರದೆ ಏನು? ಬೆಳಗಿನಿಂದ ಬಗ್ಗಿಸಿದ ಕತ್ತು ಎತ್ತದೆ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು ಅವಳು. ನಡುಮನೆಯಲ್ಲಿ ಅವಳ ಎರಡು ಹೊಲಿಗೆ ಯಂತ್ರ, ಬಟ್ಟೆಯ ಗಂಟುಗಳು, ಇಸ್ತ್ರಿ ಮೇಜು. ಮಿಕ್ಕ ಜಾಗದಲ್ಲಿ ಮನೆಯವರು ಉಣ್ಣಬೇಕು, ಕೂರಬೇಕು, ಮಲಗಬೇಕು. ಯಾರಾದರೂ ಎದ್ದು ನೀರು ಕುಡಿಯಲು ಹೋದರೆ ಮೂರು ಚಡ್ಡಿ, ಎರಡು ಲಂಗ ಕಾಲಿಗೆ ಸುತ್ತಿಕೊಳ್ಳುತ್ತಿದ್ದವು.

"ನನಗೂ ಇಲ್ಲಿ ಹೊಲಿಯೋ ಆಸೆಯೇನಿಲ್ಲ ಅಜ್ಜಿ," ಎಂದಳು ಮಗಳು. "ಪಕ್ಕದಲ್ಲಿ ಅಷ್ಟು ದೊಡ್ಡ ಶೆಡ್ಡಿದೆ. ಅದರಲ್ಲಿ ಸತ್ತ ಗಾಡಿ ಮಲಗಿದೆ. ಬದುಕಿರೋ ನಾವು ಇಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದೀವಿ."

ಮಾತು ಅಜ್ಜಿಗೆ ಹೇಳಿದ್ದಾದರೂ ತಾಗಿದ್ದು ಅಪ್ಪನಿಗೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಎದುರು ಕೂತು ಬಡಿಸುತ್ತಿದ್ದ ತಾಯಿ ಅವನ ಕಿವಿ ಕೆಂಪಾದದ್ದನ್ನು ನೋಡಿದಳು.

ತಾಯಿಯನ್ನು ಬೀದಿಯವರೆಲ್ಲ ಗುಂಡಿಯಕ್ಕ ಎನ್ನುತ್ತಿದ್ದರು. ಮಗಳು ಹೊಲಿದ ಅಂಗಿಗಳಿಗೆ ಕಾಜ ಮಾಡುವುದು, ಗುಂಡಿ ಹಾಕುವುದು ಅವಳ ಕೆಲಸ. ಒಲೆಯ ಮೇಲೆ ಬೇಳೆ ಬೇಯುತ್ತಿದ್ದರೂ ಮಡಿಲಲ್ಲಿ ಒಂದು ಅಂಗಿ ಇರುತ್ತಿತ್ತು, ತುಟಿಗಳ ನಡುವೆ ಒಂದು ಸೂಜಿ. ಅವಳ ಗಂಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ಲಿಫ್ಟಣ್ಣ ಎಂದು ಹೆಸರು. ಊರವರನ್ನೆಲ್ಲ ಮೇಲೆ ಹತ್ತಿಸಿ ಕೆಳಗೆ ಇಳಿಸುವ ಮನುಷ್ಯ, ತನ್ನ ಶೆಡ್ಡಿನ ಗಾಡಿಯನ್ನು ಮಾತ್ರ ಒಂದಿಂಚು ಅಲ್ಲಾಡಿಸಲು ಆಗದೆ ಕೂತಿದ್ದ.

ಗಾಡಿ ಅವನ ಅಪ್ಪನದು. ಮುದುಕನಿಗೆ ಹಾಸಿಗೆ ಅಂಗಡಿ ಇತ್ತು. ಹತ್ತಿ ತುಂಬಿದ ಹಾಸಿಗೆಗಳನ್ನು ಆ ಪಿಕಪ್ಪಿನ ಬೆನ್ನ ಮೇಲೆ ಆಳೆತ್ತರ ಪೇರಿಸಿ, ಹಗ್ಗ ಬಿಗಿದು, ಮನೆಮನೆಗೆ ಮುಟ್ಟಿಸುತ್ತಿದ್ದ. ಗುಂಡು ಮೂತಿಯ ಹಳೇ ಕಾಲದ ಗಾಡಿ, ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಸದ್ದು ಬರುತ್ತಿತ್ತು. ಮುದುಕ ಹೋದ ಮೇಲೆ ಲಿಫ್ಟಣ್ಣ ಅದನ್ನು ಪೂರ್ತಿ ಬಿಚ್ಚಿಹಾಕಿ ಹೊಸದು ಮಾಡುತ್ತೇನೆಂದು ಹೊರಟ. ಬಿಚ್ಚುವ ಕೆಲಸ ಬೇಗ ಮುಗಿಯಿತು. ಜೋಡಿಸುವ ಕೆಲಸಕ್ಕೆ ಭಾನುವಾರಗಳು ಸಾಲದೆ ಹೋದವು. ಎಡಮೈಗೆ ತಿಳಿಹಸಿರು ಬಣ್ಣ ಬಂತು. ಬಲಮೈ ಬೂದಿಬಣ್ಣದ ಪ್ರೈಮರಿನಲ್ಲೇ ಉಳಿಯಿತು. ಸೀಳು ಬಿಟ್ಟ ಎಂಜಿನ್ನು ಮೂಲೆಯ ಹಲಗೆಯ ಮೇಲೆ ಗೋಣಿಚೀಲ ಹೊದ್ದು ಕೂತಿತು.

ಇನ್ನು ಮಿಕ್ಕ ಭಾಗಗಳು? ಅವು ಒಂದೊಂದಾಗಿ ಮನೆಯೊಳಗೆ ಬಂದು ಸಂಸಾರ ಹೂಡಿದ್ದವು. ಮುಂದಿನ ಉದ್ದನೆಯ ಸೀಟು ಗೋಡೆಗೆ ಒರಗಿ ಅಜ್ಜಿಯ ಗಾದಿಯಾಗಿತ್ತು. ಹಿಂದಿನ ಅಗಲ ಬಾಗಿಲನ್ನು ಎರಡು ಡ್ರಮ್ಮಿನ ಮೇಲೆ ಮಲಗಿಸಿ ಮಗಳು ಅದರ ಮೇಲೆ ಬಟ್ಟೆ ಕತ್ತರಿಸುತ್ತಿದ್ದಳು. ಬಚ್ಚಲ ಹೊರಗೆ ನಲ್ಲಿಯ ಪಕ್ಕದಲ್ಲಿದ್ದ ಕನ್ನಡಿಯಲ್ಲಿ ಮುಖ ನೋಡಿ ಗಡ್ಡ ಹೆರೆಯುವಾಗ, ಅದು ಗಾಡಿಯದೆಂಬುದು ಲಿಫ್ಟಣ್ಣನಿಗೂ ಮರೆತುಹೋಗಿತ್ತು.

ದಾರದ ಜಗಳ ಆ ರಾತ್ರಿಗೆ ಮುಗಿಯಲಿಲ್ಲ. ಮರುದಿನ ಚಹಾ ಕುಡಿಯುವಾಗ ಮುಂದುವರಿಯಿತು, ಅದರ ಮರುದಿನ ಪಾತ್ರೆ ತೊಳೆಯುವಾಗ. ಮಗಳು ತನಗೆ ಇನ್ನೊಂದು ಶಾಲೆಯ ಕೆಲಸ ಬರುತ್ತಿದೆ, ಜಾಗವಿಲ್ಲದಿದ್ದರೆ ಬಿಡಬೇಕಾಗುತ್ತದೆ ಎಂದಳು. ಅಪ್ಪ, ಇನ್ನು ಸ್ವಲ್ಪ ತಾಳು, ಗಾಡಿ ಮುಗಿಸಿಬಿಡ್ತೀನಿ ಎಂದ. ತಾನು ಲಂಗ ಹಾಕುವ ವಯಸ್ಸಿನಿಂದ ಈ ಮಾತು ಕೇಳುತ್ತಿದ್ದೇನೆ ಎಂದಳು ಅವಳು. ಕೊನೆಗೆ ಒಂದು ಸಂಜೆ ಅವನು ಕೆಲಸದಿಂದ ಬಂದವನೇ, ಬೂಟು ಬಿಚ್ಚದೆ, ಮಾರಿಬಿಡೋಣ ಎಂದ. ಎಲ್ಲರೂ ಗೆದ್ದ ಹಾಗೆ ಕಾಣಿಸಿಕೊಳ್ಳದಿರಲು ಒದ್ದಾಡಿದರು.

ಗುಂಡಿಯಕ್ಕ ಮಾತ್ರ ಮಡಿಲಲ್ಲಿದ್ದ ಅಂಗಿಗೆ ಗುಂಡಿಯನ್ನು ತಪ್ಪು ಜಾಗದಲ್ಲಿ ಹಾಕಿಬಿಟ್ಟಳು. ಮಗಳಿಗೆ ಜಾಗ ಬೇಕು, ಅದು ನ್ಯಾಯ. ಅವಳ ಪರವಾಗಿ ಗಂಡನ ಹತ್ತಿರ ವಾದ ಮಾಡಿದವಳೂ ತಾನೇ. ಆದರೂ ಆ ಗುಂಡಿಯನ್ನು ಕಿತ್ತು ಮತ್ತೆ ಹಾಕಬೇಕಾಯಿತು.

ಮಾರಾಟದ ಸುದ್ದಿಯನ್ನು ಮಗಳು ಫೋನಿನಲ್ಲಿ ಹಾಕಬೇಕೆಂದು ತೀರ್ಮಾನವಾಯಿತು. ಎಡಮೈ ಮಾತ್ರ ಕಾಣುವಂತೆ ಫೋಟೋ ತೆಗೆದಳು. ಊಟದ ಹೊತ್ತಿಗೆ ಅಪ್ಪ ಹೇಳುತ್ತಾ ಹೋದ, ಅವಳು ಒತ್ತುತ್ತಾ ಹೋದಳು. ಹಳೇ ಮಾದರಿ, ಅರ್ಧ ಕೆಲಸ ಆಗಿದೆ, ಎಂಜಿನ್ ಬಿಚ್ಚಿದೆ, ಭಾಗಗಳೆಲ್ಲ ಇವೆ. ಆಮೇಲೆ ಲಿಫ್ಟಣ್ಣ ಎದೆ ಉಬ್ಬಿಸಿ, "ಒಂದೇ ಕೈ ಓಡಿಸಿದ ಗಾಡಿ ಅಂತ ಹಾಕು. ನಮ್ಮಪ್ಪನ್ನ ಬಿಟ್ರೆ ಇನ್ನೊಬ್ಬರು ಸ್ಟೇರಿಂಗ್ ಮುಟ್ಟಿಲ್ಲ," ಎಂದ.

ಗುಂಡಿಯಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಯಲ್ಲೇ ನಿಂತಿತು. ಅಜ್ಜಿ ತನ್ನ ಗಾದಿಯ ಮೇಲೆ ಕೂತು ಅನ್ನವನ್ನು ಬಹಳ ಗಮನವಿಟ್ಟು ಕಲಸತೊಡಗಿದಳು. ಮಗಳು ಒತ್ತಿದಳು, ಓದಿ ಹೇಳಿದಳು, ಕಳಿಸಿದಳು.

ಗುಂಡಿಯಕ್ಕ ಮುಟ್ಟಿದ್ದಳು. ಮುಟ್ಟಿದ್ದೇನು, ಎರಡು ವರ್ಷ ಊರಿಡೀ ಓಡಿಸಿದ್ದಳು. ಅವಳು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಮಾವನ ಕಣ್ಣಿಗೆ ಪೊರೆ ಬಂದಿತ್ತು. ಚಿಕಿತ್ಸೆಗೆ ಹೆದರುವ ಜೀವ. ಮುದುಕನಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಾದರೆ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆಂಬ ಭಯ ಬೇರೆ. ಮಗನಿಗೆ ಕಲಿಸೋಣವೆಂದರೆ ಅವನು ಮೂರು ಸಲ ಕಲಿಯಲು ಹೋಗಿ ಮೂರು ಸಲವೂ ಅದೇ ದೀಪದ ಕಂಬಕ್ಕೆ ಗುದ್ದಿ ಬಂದ. ಯಂತ್ರ ಬಿಚ್ಚುವಾಗ ಇದ್ದ ಧೈರ್ಯ ಅವನಿಗೆ ಯಂತ್ರ ಓಡುವಾಗ ಇರುತ್ತಿರಲಿಲ್ಲ. ಉಳಿದವಳು ಸೊಸೆ.

ಊರಾಚೆಯ ಬಯಲಿನಲ್ಲಿ ಮಾವ ಕಲಿಸಿದ. ಅವಳ ಕಾಲು ಕ್ಲಚ್ಚಿಗೆ ಎಟುಕುತ್ತಿರಲಿಲ್ಲವೆಂದು ಪೆಡಲಿನ ಮೇಲೆ ಒಂದು ಮರದ ತುಂಡು ಬಿಗಿದುಕೊಟ್ಟ. ಬೆನ್ನಿಗೆ ಮಡಚಿದ ರಜಾಯಿ ಇಟ್ಟ. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇತ್ತು. ಅವಳ ಕೈಗೆ ಅದು ಸೌಟಿನಷ್ಟು ಬೇಗ ಒಗ್ಗಿತು. ಲೈಸೆನ್ಸೂ ಆಯಿತು. ಆದರೆ ಗಿರಾಕಿಗಳ ಕಣ್ಣಿಗೆ ಓಡಿಸುವವನು ಮಾವನೇ ಆಗಿರಬೇಕಿತ್ತು. ಅದಕ್ಕೆ ಇಬ್ಬರೂ ಒಂದು ದಾರಿ ಕಂಡುಕೊಂಡರು. ಮುಟ್ಟಿಸಬೇಕಾದ ಮನೆ ಹತ್ತಿರವಾದಾಗ ಯಾರೂ ಇಲ್ಲದ ಕಡೆ ಗಾಡಿ ನಿಲ್ಲಿಸುವುದು, ಅವಳು ಈ ಬಾಗಿಲಿಂದ ಅವನು ಆ ಬಾಗಿಲಿಂದ ಇಳಿದು ಜಾಗ ಬದಲಿಸುವುದು. ಕೊನೆಯ ನಾಲ್ಕು ಮನೆಯಷ್ಟು ದೂರ ಮಾವ ಆಮೆಯ ಹಾಗೆ ತೆವಳಿಸಿಕೊಂಡು ಹೋಗುವುದು. ಅವಳು ಪಕ್ಕದಲ್ಲಿ ಕೂತು ತುಟಿ ಅಲ್ಲಾಡಿಸದೆ, "ಎಡಕ್ಕೆ ಮಾವ, ಸೈಕಲ್ಲು," ಎನ್ನುವುದು. ಹಾಸಿಗೆಯಂಗಡಿಯವರು ಎಷ್ಟು ಜಾಗರೂಕತೆಯಿಂದ ಓಡಿಸುತ್ತಾರೆಂದು ಜನ ಹೊಗಳುತ್ತಿದ್ದರು.

ತಮ್ಮ ಬೀದಿಯಲ್ಲೂ ಅದೇ ಕಟ್ಟಳೆ. ಅದನ್ನು ಹಾಕಿದವಳು ಅತ್ತೆ, ಅಂದರೆ ಇದೇ ಅಜ್ಜಿ. ಊರೆಲ್ಲ ಓಡಿಸಲಿ, ನಮ್ಮ ಬೀದಿಯಲ್ಲಿ ಮಾತ್ರ ಬೇಡ, ನೆರೆಹೊರೆಯವರ ಬಾಯಿಗೆ ನಾನು ಬೀಗ ಹಾಕಲಾರೆ ಎಂದಿದ್ದಳು. ಹಾಗಾಗಿ ಅವಳು ಓಡಿಸದೆ ಉಳಿದ ಬೀದಿ ಎಂದರೆ ಅವಳು ಬದುಕುತ್ತಿದ್ದ ಬೀದಿ. ಮುಂದಿನ ವರ್ಷ ಎಲ್ಲರಿಗೂ ಹೇಳಿಬಿಡೋಣ ಎಂದು ಮಾವ ಎರಡು ವರ್ಷವೂ ಹೇಳಿದ್ದ. ಆಮೇಲೆ ಮಗಳು ಹುಟ್ಟಿದಳು, ಎಂಜಿನ್ನು ಸೀಳಿತು, ಅಂಗಡಿ ಮುಚ್ಚಿತು, ಮಾವ ಹೋದ. ಲಿಫ್ಟಣ್ಣ ಮೊದಲ ನಟ್ಟು ಬಿಚ್ಚಿದ ದಿನ ತಾನಾಗಿಯೇ, "ಮುಗಿದ ದಿನ ನೀನೇ ಹೊರಗೆ ತೆಗಿ. ಬೀದಿಯೆಲ್ಲ ನೋಡ್ಲಿ," ಎಂದಿದ್ದ. ಅವನು ಆ ಮಾತು ಆಡಿ ಮರೆತ. ಅವಳು ಅದನ್ನೇ ಹಿಡಿದುಕೊಂಡು, ಒಂದೊಂದು ಭಾನುವಾರವೂ ಅವನ ಎಣ್ಣೆಯ ಬಟ್ಟೆ ಒಗೆದು ಹಾಕುತ್ತಾ ಬಂದಿದ್ದಳು.

ಆಸೆ ದೊಡ್ಡದೇನಲ್ಲ. ಒಂದು ಸಲ, ಹಗಲಿನಲ್ಲಿ, ತನ್ನ ಬೀದಿಯ ಈ ತುದಿಯಿಂದ ಆ ತುದಿಗೆ. ಅಷ್ಟೇ.

ಮೊದಲು ಬಂದವರು ಕೊಳ್ಳುವವರಲ್ಲ, ನೋಡುವವರು. ಒಬ್ಬ ಬರೀ ಮುಂದಿನ ದೀಪಗಳನ್ನು ಕೇಳಿದ. ಇನ್ನೊಬ್ಬ ಬಾನೆಟ್ಟಿಗೆ ಒರಗಿ ತನ್ನ ಫೋಟೋ ತೆಗೆಸಿಕೊಂಡು ಹೊರಟುಹೋದ. ಆಮೇಲೆ ಒಬ್ಬ ಹೋಟೆಲ್ ಮಾಲೀಕ ಫೋನು ಮಾಡಿದ. ಹೆದ್ದಾರಿ ಪಕ್ಕದ ತನ್ನ ಹೋಟೆಲಿನ ಮುಂದೆ ಗಾಡಿಯನ್ನು ನಿಲ್ಲಿಸಿ, ಬೆನ್ನ ತುಂಬ ಹೂಕುಂಡ ಇಡಿಸುತ್ತಾನಂತೆ. ಎಂಜಿನ್ ಓಡದಿದ್ದರೂ ಚಿಂತೆಯಿಲ್ಲ, ಮೈಮಾಟ ಪೂರ್ತಿ ಇರಬೇಕು, ಸೀಟು, ಬಾಗಿಲು, ಕನ್ನಡಿ ಎಲ್ಲ ಅದರದ್ದೇ ಇರಬೇಕು ಎಂದ.

ಅಂದಿನಿಂದ ಲಿಫ್ಟಣ್ಣನ ಮೈಮೇಲೆ ಯಾವುದೋ ಭೂತ ಬಂದ ಹಾಗಾಯಿತು. ಕೆಲಸದಿಂದ ಬಂದು ಒಂದು ಲೋಟ ಚಹಾ ಹೊಯ್ದುಕೊಂಡು ಶೆಡ್ಡು ಸೇರುತ್ತಿದ್ದ. ಬಲಮೈ ಉಜ್ಜಿ ಹಸಿರು ಬಳಿದ. ಬ್ರೇಕು ಬಿಚ್ಚಿ ಕೂಡಿಸಿದ. ಚಕ್ರಗಳಿಗೆ ಗಾಳಿ ತುಂಬಿದ. ಕನ್ನಡಿ ನಲ್ಲಿಯ ಪಕ್ಕದಿಂದ ಹೋಯಿತು, ಅಗಲ ಬಾಗಿಲು ಡ್ರಮ್ಮಿನ ಮೇಲಿಂದ ಹೋಯಿತು. ಮಗಳು ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸಿದಳು. ಸೀಟಿನ ಸರದಿ ಬಂದಾಗ ಅಜ್ಜಿ ಏಳಲಿಲ್ಲ. ಮಗ ಮೊಮ್ಮಗಳು ಇಬ್ಬರೂ ಎರಡು ಕಡೆ ಹಿಡಿದು ಪ್ಲಾಸ್ಟಿಕ್ ಕುರ್ಚಿಗೆ ಸಾಗಿಸಿದ ಮೇಲೆ ಅವಳು ಯಾರ ಜೊತೆಯೂ ಮಾತಾಡಲಿಲ್ಲ.

ಒಂದು ಸಂಜೆ ಗುಂಡಿಯಕ್ಕ ಚಹಾ ತೆಗೆದುಕೊಂಡು ಶೆಡ್ಡಿಗೆ ಹೋದಳು. ಗಾಡಿ ಎರಡು ಮೈಯೂ ಹಸಿರಾಗಿ, ಸೀಟು ತೊಟ್ಟು, ನಾಲ್ಕು ಚಕ್ರದ ಮೇಲೆ ನಿಂತಿತ್ತು. ಅವಳಿಗೆ ಮಾವ ಪಕ್ಕದಲ್ಲಿ ಟೋಪಿ ಹಾಕಿ ಕೂತಂತೆಯೇ ಅನ್ನಿಸಿತು.

"ಎಷ್ಟು ಚೆನ್ನಾಗಾಗಿದೆ ನೋಡು," ಎಂದ ಗಂಡ.

"ನೋಡ್ತಾ ಇದೀನಿ. ನಮಗೆ ಅಂತ ಇಷ್ಟು ವರ್ಷ ಆಗದ್ದು, ಯಾರೋ ಹೂಕುಂಡ ಇಡೋನಿಗೆ ಅಂತ ಆಯ್ತಲ್ಲ."

"ಅವನು ದುಡ್ಡು ಕೊಡ್ತಾನೆ ಕಣೇ."

"ನಾನು ಅನ್ನ ಹಾಕ್ಲಿಲ್ವಾ?" ಎಂದಳು ಅವಳು. ಲೋಟವನ್ನು ಬಾನೆಟ್ಟಿನ ಮೇಲೆ ಇಟ್ಟಳು. ಹೊಸ ಬಣ್ಣ ಎಂದು ಅವನು ತಟ್ಟನೆ ಎತ್ತಿಕೊಂಡ. ಅವಳು ತಿರುಗಿ ನೋಡದೆ ಒಳಗೆ ಬಂದಳು.

ಮಾಲೀಕ ಭಾನುವಾರ ಬಂದ. ದಪ್ಪ ಮನುಷ್ಯ, ಸಣ್ಣ ದನಿ. ಹೋಟೆಲ್ ಇಡುವ ಮುಂಚೆ ತಾನೂ ಲಾರಿ ಓಡಿಸಿದವನು. ಅದನ್ನು ಬಂದ ಐದು ನಿಮಿಷದಲ್ಲಿ ನಾಲ್ಕು ಸಲ ಹೇಳಿದ. ಎಲ್ಲರೂ ಶೆಡ್ಡಿನಲ್ಲಿ ನಿಂತಿದ್ದರು. ಅಜ್ಜಿಯೂ ತನ್ನ ಕುರ್ಚಿಯನ್ನು ಅಲ್ಲಿಗೇ ಹಾಕಿಸಿಕೊಂಡಿದ್ದಳು, ಸೀಟಿನ ಮೇಲೆ ಕಣ್ಣಿಡಲು. ಮಾಲೀಕ ಬಾಗಿಲು ತೆಗೆದು ಹಾಕಿ ಸದ್ದು ಕೇಳಿ ತಲೆದೂಗಿದ. ಆಮೇಲೆ ಒಳಗೆ ಬಗ್ಗಿ ಪೆಡಲುಗಳನ್ನು ಒತ್ತಿ ನೋಡಿ, ಬಗ್ಗಿದ್ದವನು ಹಾಗೇ ಕೇಳಿದ:

"ಕ್ಲಚ್ಚಲ್ಲಿ ಈ ಎರಡು ತೂತು ಯಾಕೆ?"

ಲಿಫ್ಟಣ್ಣ ಅದು ಮೊದಲಿಂದಲೇ ಇತ್ತು ಎಂದ.

"ಮೊದಲಿಂದ ಇರಲ್ಲ ಇದು. ಯಾರೋ ಮರ ಬಿಗಿದಿದಾರೆ. ಕಾಲು ಎಟುಕದೋರು ಓಡಿಸಿದಾರೆ. ನಿಮ್ಮ ತಂದೆ ಕುಳ್ಳಗಿದ್ರಾ?"

ತಂದೆ ಆರಡಿ ಆಳು. ಅವನ ಫೋಟೋ ನಡುಮನೆಯ ಗೋಡೆಯ ಮೇಲೆ ಈಗಷ್ಟೇ ಮಾಲೀಕ ನೋಡಿ ಬಂದಿದ್ದ. ಲಿಫ್ಟಣ್ಣ ಒರೆಸಿದ್ದ ಬಾನೆಟ್ಟನ್ನೇ ಮತ್ತೆ ಒರೆಸತೊಡಗಿದ. ಗುಂಡಿಯಕ್ಕ ತನ್ನ ಕಾಲ ಬೆರಳುಗಳನ್ನು ನೋಡುತ್ತಾ ನಿಂತಳು.

ಆಗ ಪ್ಲಾಸ್ಟಿಕ್ ಕುರ್ಚಿಯಿಂದ ಅಜ್ಜಿ ಬಾಯಿ ಬಿಟ್ಟಳು. "ಒಂದು ಕೈ ಅಲ್ಲಪ್ಪ, ಎರಡು ಕೈ ಓಡಿಸಿದ ಗಾಡಿ ಇದು. ಇನ್ನೊಂದು ಕೈ ಇವಳದ್ದು, ನನ್ನ ಸೊಸೇದು. ನಮ್ಮ ಯಜಮಾನರಿಗೆ ಕಣ್ಣು ಕಾಣ್ತಿರಲಿಲ್ಲ. ಹಾಸಿಗೆ ಅಷ್ಟನ್ನೂ ಇವಳೇ ಸಾಗಿಸಿದ್ದು. ನಾನೇ ಯಾರಿಗೂ ಹೇಳ್ಬೇಡಿ ಅಂದಿದ್ದೆ."

"ಅಮ್ಮ, ಈಗ್ಯಾಕೆ ಅದೆಲ್ಲ," ಎಂದ ಲಿಫ್ಟಣ್ಣ.

"ಸೀಟು ಕಿತ್ಕೊಂಡ್ರಲ್ಲ. ಇನ್ನು ನಾನ್ಯಾಕೆ ಬಾಯಿ ಮುಚ್ಕೊಂಡಿರ್ಲಿ?"

ಮಗಳು ತಾಯಿಯನ್ನು ನೋಡಿದಳು. ಇಷ್ಟು ವರ್ಷ ಸೂಜಿಗೆ ದಾರ ಪೋಣಿಸುವುದು, ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಹುಡುಕುವುದು ಬಿಟ್ಟು ಬೇರೇನೂ ಮಾಡಿದ್ದನ್ನು ಕಾಣದ ತಾಯಿ. ಮಾಲೀಕ ನಕ್ಕು, ಹೂಕುಂಡಕ್ಕೆ ಒಂದು ಕೈಯಾದರೇನು ಹತ್ತು ಕೈಯಾದರೇನು ಎಂದ. ಮುಂದಿನ ವಾರ ಸಾಗಿಸುವ ಲಾರಿ ಕಳಿಸುತ್ತೇನೆಂದು ಮಾತು ಮುಗಿಸಿದ. ಹೋಗುವಾಗ ಗುಂಡಿಯಕ್ಕನಿಗೆ ಕೈ ಮುಗಿದ. ಲಾರಿಯವರು ಒಬ್ಬರಿಗೊಬ್ಬರು ಮುಗಿಯುವ ಹಾಗೆ.

ಆ ಸಂಜೆ ಮಗಳು ಹೊಲಿಯಲಿಲ್ಲ. ತಾಯಿಯ ಪಕ್ಕ ಕೂತು ಒಂದೊಂದಾಗಿ ಕೇಳಿದಳು. ಹೆದರಿಕೆ ಆಗ್ತಿರಲಿಲ್ವಾ? ಹಾಸಿಗೆ ತುಂಬಿದ್ರೆ ಹಿಂದೆ ಏನೂ ಕಾಣ್ತಿರಲಿಲ್ಲ, ಅದೊಂದೇ ಹೆದರಿಕೆ. ಜೋರಾಗಿ ಓಡಿಸ್ತಿದ್ದಾ? ತುಂಬಿದಾಗ ಇಲ್ಲ, ಖಾಲಿ ಬರೋವಾಗ. ಖಾಲಿ ಬರೋವಾಗ ಮಾವನೂ ಬೇಡ ಅಂತಿರಲಿಲ್ಲ. ಹೇಳುತ್ತಾ ಹೇಳುತ್ತಾ ಗುಂಡಿಯಕ್ಕನ ಎಡಗೈ ಗಾಳಿಯಲ್ಲಿ ಗೇರು ಬದಲಿಸಿತು. ಅವಳಿಗೇ ನಾಚಿಕೆಯಾಗಿ ಅಂಗಿಯೊಂದನ್ನು ಎತ್ತಿಕೊಂಡಳು.

"ನನಗೆ ಮೊದಲೇ ಹೇಳಿದ್ರೆ ಶೆಡ್ಡು ಕೇಳ್ತಿರಲಿಲ್ಲ ಅಮ್ಮ."

"ಅದಕ್ಕೇ ಹೇಳ್ಲಿಲ್ಲ," ಎಂದಳು ತಾಯಿ. "ಶೆಡ್ಡು ನೀನು ಕೇಳ್ಲೇಬೇಕಿತ್ತು."

ಮಲಗುವ ಮುಂಚೆ ಅವಳು ಗಂಡನನ್ನು ಕೇಳಿದಳು. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. "ರೀ, ಎಂಜಿನ್ ಒಂದು ಸಲ ಕೂಡಿಸೋಕಾಗಲ್ವಾ? ನಮ್ಮ ಬೀದಿ ಕೊನೆವರೆಗೆ ಓಡಿದ್ರೆ ಸಾಕು."

ಅವನು ಎದ್ದು ಕೂತ. ಸೀಳಿರುವುದು ಎಂಜಿನ್ನಿನ ಹೊಟ್ಟೆಯೇ, ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲ, ತಾನು ಹುಡುಕದ ಗುಜರಿಯಿಲ್ಲ ಎಂದ. ಮುಗಿಸ್ತೀನಿ ಮುಗಿಸ್ತೀನಿ ಅಂತ ಹೇಳ್ತಾ ಬಂದಾಗಲೂ ಅದು ತನಗೆ ಗೊತ್ತಿತ್ತು ಎಂದ. ಅವನ ದನಿ ಒಡೆದಿತ್ತು. ಅವಳು ಸರಿ ಎಂದಳು. ಮಗ್ಗುಲು ಬದಲಿಸಿದಳು. ಅವಳಿಗೆ ಅಳು ಬಂತು, ಸದ್ದಾಗದ ಹಾಗೆ ಅತ್ತಳು.

ಲಾರಿ ಬಂದ ದಿನ ಬೆಳಗಿನಿಂದಲೇ ಗಲಾಟೆ. ಅಗಲದ ಲಾರಿ, ಕಿರಿದಾದ ಬೀದಿ. ಒಳಗೆ ಬರುವುದು ಸಾಧ್ಯವಿಲ್ಲವೆಂದು ಅದರ ಚಾಲಕ ಬೀದಿಯ ಕೊನೆಯಲ್ಲಿ ಇಳಿಜಾರಿನ ಕೆಳಗಿರುವ ಬಯಲಿನಲ್ಲೇ ನಿಂತುಬಿಟ್ಟ. ಗಾಡಿಯನ್ನು ಅಲ್ಲಿವರೆಗೆ ತಳ್ಳಿಕೊಂಡು ಬನ್ನಿ ಎಂದ. ಎಂಜಿನ್ನನ್ನು ನಾಲ್ಕು ಜನ ಕೈಗಾಡಿಯಲ್ಲಿ ಮೊದಲೇ ಸಾಗಿಸಿದರು. ಇಸ್ತ್ರಿಯವನು, ಹಾಲಿನವನು, ಎದುರು ಮನೆಯ ಪೋಸ್ಟ್‌ಮನ್ ಎಲ್ಲ ತೋಳು ಮಡಚಿಕೊಂಡು ಬಂದರು. ಒಳಗೆ ಕೂತು ಸ್ಟೇರಿಂಗ್ ಹಿಡಿಯಲು ಒಬ್ಬರು ಬೇಕಿತ್ತು. ಲಿಫ್ಟಣ್ಣ ತಾನೇ ಹತ್ತಿ ಕೂತ. ಮುಂದೆ ಬೀದಿಯುದ್ದಕ್ಕೂ ನೋಡಿದ. ಆಮೇಲೆ ಇಳಿದುಬಂದು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈಯಿಂದ ಸೂಜಿ, ಅಂಗಿ ಎರಡನ್ನೂ ತೆಗೆದುಕೊಂಡ.

"ನೀನು ಕೂತ್ಕೋ," ಎಂದ. "ಎಂಜಿನ್ ಅಂತೂ ಆಗ್ಲಿಲ್ಲ. ನಾವು ತಳ್ತೀವಿ."

ಅವಳು ಸೆರಗು ಬಿಗಿದುಕೊಂಡು ಹತ್ತಿದಳು. ಮುಂದಕ್ಕೆ ಜರುಗಿ ಕೂತಳು. ಪಕ್ಕದ ಬಾಗಿಲೂ ತೆರೆಯಿತು. ಮೊಮ್ಮಗಳ ಹೆಗಲು ಹಿಡಿದು ಅಜ್ಜಿ ಒಳಗೆ ಬರುತ್ತಿದ್ದಳು. ತನ್ನ ಸೀಟು, ಲಾರಿ ಹತ್ತುವವರೆಗೆ ತಾನೇ ಕೂರುವುದು ಎಂದಳು.

ಹಿಂದಿನಿಂದ ಹೆಗಲುಗಳು ಒತ್ತಿದವು. ಗಾಡಿ ಶೆಡ್ಡಿನ ಹೊಸ್ತಿಲು ದಾಟಿ ಬಿಸಿಲಿಗೆ ಬಂತು. ಸ್ಟೇರಿಂಗ್ ಮೊದಲು ಗಟ್ಟಿಯಾಗಿತ್ತು, ಚಕ್ರ ಉರುಳಿದ ಹಾಗೆ ಹಗುರಾಯಿತು. ಗುಂಡಿಯಕ್ಕ ಬೀದಿಗೆ ತಿರುಗಿಸಿದಳು. ಇಸ್ತ್ರಿ ಗಾಡಿ, ಒಣಹಾಕಿದ ಬಟ್ಟೆಗಳು, ಮೆಟ್ಟಿಲ ಮೇಲೆ ಕೂತ ಹೆಂಗಸರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಬಾಗಿಲುಗಳು ತೆರೆದವು. ಯಾರೋ, ಅಯ್ಯೋ ಗುಂಡಿಯಕ್ಕ ನೋಡ್ರೇ ಎಂದರು.

"ಹಾರ್ನ್ ಹೊಡಿ," ಎಂದಳು ಅಜ್ಜಿ.

"ಬ್ಯಾಟರಿ ಇಲ್ಲ ಅತ್ತೆ."

ಅಜ್ಜಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ತನ್ನ ಸೊಸೆ ಬರುತ್ತಿದ್ದಾಳೆ, ದಾರಿ ಬಿಡಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

ನಡೆಯುವವರ ವೇಗ, ಅಷ್ಟೇ. ಆದರೂ ಗುಂಡಿಯಕ್ಕ ಬೆನ್ನು ನೆಟ್ಟಗೆ ಮಾಡಿ ಎರಡು ಕೈಯಲ್ಲೂ ಹಿಡಿದಿದ್ದಳು. ಬೀದಿ ಇಷ್ಟು ಗಿಡ್ಡವೆಂದು ಅವಳಿಗೆ ಗೊತ್ತಿರಲಿಲ್ಲ. ಕೊನೆಯ ಮನೆಯೂ ದಾಟಿತು. ಇಳಿಜಾರು ಶುರುವಾಯಿತು. ಕೆಳಗೆ ಬಯಲಿನಲ್ಲಿ ಲಾರಿ ಹಲಗೆ ಇಳಿಬಿಟ್ಟು ಕಾಯುತ್ತಿತ್ತು.

"ಬ್ರೇಕ್ ಹಿಡಿ," ಎಂದು ಗಂಡ ಹಿಂದಿನಿಂದ ಹೇಳಿದ. ಅವಳಿಗೆ ಕೇಳಿಸಿತು. ಕಾಲು ಬ್ರೇಕಿನ ಮೇಲೇ ಇತ್ತು, ಒತ್ತಲಿಲ್ಲ. ಒಂದೊಂದೇ ಕೈ ಗಾಡಿಯನ್ನು ಬಿಟ್ಟಿತು. ಈಗ ತಳ್ಳುವವರು ಯಾರೂ ಇಲ್ಲ, ಗಾಡಿ ತಾನಾಗಿಯೇ ಉರುಳುತ್ತಿತ್ತು. ಕಿಟಕಿಯಿಂದ ಗಾಳಿ ಬಂದು ಕೂದಲು ಹಾರಿತು. ಅಜ್ಜಿ ಬಾಗಿಲನ್ನು ಭದ್ರವಾಗಿ ಹಿಡಿದುಕೊಂಡಳು, ನಿಲ್ಲಿಸು ಎಂದು ಹೇಳಲಿಲ್ಲ. ಲಾರಿಯ ಚಾಲಕ ಕೈ ಆಡಿಸುತ್ತಾ ಪಕ್ಕಕ್ಕೆ ಹಾರಿದ. ಗುಂಡಿಯಕ್ಕ ಸ್ವಲ್ಪ ಎಡಕ್ಕೆ ಎಳೆದು ಲಾರಿಯನ್ನು ದಾಟಿದಳು, ಬಯಲಿಗೆ ಇಳಿದಳು, ಅಗಲಕ್ಕೆ ಒಂದು ಸುತ್ತು ಹಾಕಿದಳು. ಉರುಳುವ ಶಕ್ತಿ ಇದ್ದಷ್ಟೂ ಉರುಳಲು ಬಿಟ್ಟಳು. ಗಾಡಿ ತನಗೆ ಸುಸ್ತಾದ ಕಡೆ ನಿಂತಿತು.

ಲಿಫ್ಟಣ್ಣ ಏದುಸಿರು ಬಿಡುತ್ತಾ ಓಡಿಬಂದು ಕಿಟಕಿ ಹಿಡಿದ. "ಅಲ್ಲೇ ನಿಲ್ಲಿಸಬೇಕಿತ್ತು."

"ಗೊತ್ತು."

"ಈಗ ಮತ್ತೆ ಅಷ್ಟು ದೂರ ತಳ್ಳಬೇಕಲ್ಲೇ."

ಅವಳು ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ಕಣ್ಣು ಮುಂದೆಯೇ ಇತ್ತು. "ತಳ್ಳಿ," ಎಂದಳು.

ಅವನು ಅವಳ ಮುಖವನ್ನು ನೋಡಿದ. ಆಮೇಲೆ ಇಳಿಜಾರಿನಲ್ಲಿ ಗುಂಪುಗೂಡಿದ್ದ ಬೀದಿಯವರ ಕಡೆ ತಿರುಗಿ, ಕೈಯೆತ್ತಿ, ಎಲ್ಲರಿಗೂ ಕೇಳುವಂತೆ ಕರೆದ.

"ಬನ್ರಪ್ಪಾ, ಇನ್ನೊಂದು ಸಲ ತಳ್ಳಬೇಕು. ನಮ್ಮನೆಯವಳು ಗಾಡಿ ಓಡಿಸ್ತಿದಾಳೆ."